ಆ ಕಡಲ ಮನೆ ಐಲೀನ್ ಗ್ರೇ ಅವರದು: ನಮ್ಮ ಆರ್ಕಿಟೆಕ್ಚರ್ ಕಾಲೇಜುಗಳ ಗುರುಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಆರ್ಕಿಟೆಕ್ಚರ್ ಕಾಲೇಜುಗಳಲ್ಲಿ ಇತಿಹಾಸದ ಪಾಠ ಮಾಡುವ ಎಲ್ಲ ಸರ್‌ಗಳಿಗೆ, ಮೇಡಂಗಳಿಗೆ,

ನಮಸ್ಕಾರ. ನಾನು ಕುಂದಾಪುರದ ಕಡೆಯವಳು. ಬೆಂಗಳೂರಿನಲ್ಲಿ ಓದಿದೆ. ಈಗ ಊರಲ್ಲೇ ಇದ್ದು ಹೊಸ ಮನೆಗಳ ಪ್ಲಾನ್ ಹಾಕುತ್ತೇನೆ, ಹಳೇ ಮನೆಗಳ ರಿಪೇರಿ ಮಾಡಿಸುತ್ತೇನೆ. ಈ ಪತ್ರವನ್ನು ಒಬ್ಬ ಮೇಷ್ಟ್ರಿಗೆ ಮಾತ್ರ ಬರೆಯಬಹುದಿತ್ತು. ಆದರೆ ವಿಷಯ ಒಬ್ಬರದಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಮೂರನೇ ವರ್ಷದಲ್ಲಿದ್ದಾಗ ಒಂದು ಮಧ್ಯಾಹ್ನ ಕ್ಲಾಸಿನ ಕಿಟಕಿ ಮುಚ್ಚಿ ಸ್ಲೈಡ್ ತೋರಿಸಿದರು. ಬಿಳಿ ಮನೆ. ಕೆಳಗೆ ಬಂಡೆ, ಅದರ ಕೆಳಗೆ ಸಮುದ್ರ. ಕಂಬಗಳ ಮೇಲೆ ನಿಂತಿದೆ. ಉದ್ದಕ್ಕೆ ಒಂದು ಬಾಲ್ಕನಿ, ಹಡಗಿನ ಡೆಕ್ ಇದ್ದ ಹಾಗೆ. ಒಳಗಿನ ಗೋಡೆಯ ಮೇಲೆ ದೊಡ್ಡ ಬಣ್ಣದ ಚಿತ್ರ. 'ಇದು ಚಂಡೀಗಢದ ಯೋಜನೆ ಹಾಕಿದ ಆರ್ಕಿಟೆಕ್ಟ್ ಲೆ ಕಾರ್ಬೂಸಿಯೆ ಅವರ ರಜೆಯ ಮನೆ, ಫ್ರಾನ್ಸಿನ ಕಡಲ ತೀರದಲ್ಲಿದೆ' ಎಂದರು. ಅಷ್ಟೇ. ಮುಂದಿನ ಸ್ಲೈಡಿಗೆ ಹೋದರು. ನಾವು ಬರೆದುಕೊಂಡೆವು. ಪರೀಕ್ಷೆಯಲ್ಲೂ ಹಾಗೇ ಬರೆದೆ, ಅಂಕವೂ ಸಿಕ್ಕಿತು.

ಆ ಮೇಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಯಾರೋ ಹಾಗೆ ಹೇಳಿಕೊಟ್ಟಿದ್ದರು. ಆದರೆ ಆ ಮನೆಯನ್ನು ಕಾರ್ಬೂಸಿಯೆ ಕಟ್ಟಲಿಲ್ಲ. ಐಲೀನ್ ಗ್ರೇ ಎಂಬ ಹೆಂಗಸು ಕಟ್ಟಿದರು. ಅವರು ಕಟ್ಟಿದ ಮೊದಲ ಮನೆ ಅದು. ಈ ಹೆಸರು ನನ್ನ ಕಿವಿಗೆ ಬಿದ್ದಿದ್ದು ಕಾಲೇಜು ಬಿಟ್ಟು ಎಷ್ಟೋ ವರ್ಷ ಆದ ಮೇಲೆ.

ಎರಡು ವರ್ಷದ ಹಿಂದೆ ಆ ಮನೆ ನೋಡಿ ಬಂದೆ. ನೋಡಿದ್ದನ್ನು ನಿಮಗೆ ಹೇಳಬೇಕು.

ನೀಸ್ ಊರಿಂದ ರೈಲು ಹತ್ತಿದರೆ ಮೊನಾಕೊ ದಾಟಿದ ಮೇಲೆ ರೋಕ್‌ಬ್ರೂನ್-ಕಾಪ್-ಮಾರ್ತಾಂ ಎಂಬ ಸಣ್ಣ ಸ್ಟೇಷನ್ ಬರುತ್ತದೆ. ಇಟಲಿಯ ಗಡಿ ಅಲ್ಲಿಂದ ದೂರವಿಲ್ಲ. ಮೊದಲೇ ಬುಕ್ ಮಾಡಿದವರನ್ನು ಸ್ಟೇಷನ್ ಪಕ್ಕದಿಂದ ಸಣ್ಣ ಸಣ್ಣ ಗುಂಪು ಮಾಡಿ ಕರೆದುಕೊಂಡು ಹೋಗುತ್ತಾರೆ. ಮನೆಯವರೆಗೆ ಕಾರು ಹೋಗುವ ರಸ್ತೆ ಇಲ್ಲ. ಆಗಲೂ ಇರಲಿಲ್ಲ, ಈಗಲೂ ಇಲ್ಲ. ಒಂದು ಕಡೆ ರೈಲು ಹಳಿ, ಇನ್ನೊಂದು ಕಡೆ ಸಮುದ್ರ, ನಡುವೆ ಕಾಲುದಾರಿ. ಆ ದಾರಿಯಲ್ಲೇ ಕೈಗಾಡಿಯಲ್ಲಿ ಸಾಮಾನು ಸಾಗಿಸಿ ಮನೆ ಕಟ್ಟಿಸಿದರು. ನಮ್ಮ ಕಡೆ ಗುಡ್ಡದ ಮೇಲಿನ ಸೈಟಿಗೆ ಜಲ್ಲಿ, ಮರಳು ತಲೆ ಮೇಲೆ ಹೊತ್ತು ಸಾಗಿಸುವುದನ್ನು ನೋಡಿದವರಿಗೆ ಅದರ ಕಷ್ಟ ಗೊತ್ತು. ಗ್ರೇ ಹತ್ತಿರ ಹತ್ತಿರ ಮೂರು ವರ್ಷ ಅಲ್ಲೇ ಬಿಡಾರ ಹೂಡಿ ಕೆಲಸ ನೋಡಿಕೊಂಡರು.

ಈ ಕಾಲುದಾರಿಯ ಹೆಸರು ಏನು ಗೊತ್ತಾ? ಲೆ ಕಾರ್ಬೂಸಿಯೆ ದಾರಿ. ಗ್ರೇ ಅವರ ಮನೆಗೆ ಹೋಗಬೇಕಾದರೆ ಕಾರ್ಬೂಸಿಯೆ ಹೆಸರಿನ ದಾರಿ ಹಿಡಿಯಬೇಕು. ಬೋರ್ಡು ನೋಡಿ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ನಮ್ಮ ಕ್ಲಾಸಿನ ಆ ಸ್ಲೈಡ್ ನೆನಪಾಯಿತು.

ಐಲೀನ್ ಗ್ರೇ ಹುಟ್ಟಿದ್ದು 1878ರಲ್ಲಿ, ಐರ್ಲೆಂಡಿನ ವೆಕ್ಸ್‌ಫರ್ಡ್ ಕೌಂಟಿಯ ಎನ್ನಿಸ್ಕಾರ್ಥಿಯ ಹತ್ತಿರ. ಲಂಡನ್ನಿನ ಸ್ಲೇಡ್ ಶಾಲೆಯಲ್ಲಿ ಚಿತ್ರಕಲೆ ಕಲಿತರು. ಆಮೇಲೆ ಪ್ಯಾರಿಸ್‌ನಲ್ಲಿ ಸುಗಾವಾರಾ ಎಂಬ ಜಪಾನಿ ಕುಶಲಕರ್ಮಿಯ ಜೊತೆ ವರ್ಷಗಟ್ಟಲೆ ಕೂತು ಲ್ಯಾಕರ್ ಕೆಲಸ ಕಲಿತರು. ಲ್ಯಾಕರ್ ಅಂದ ಕೂಡಲೇ ನಮಗೆ ಚನ್ನಪಟ್ಟಣದ ಗೊಂಬೆ ನೆನಪಾಗುತ್ತದೆ. ಅದು ಬೇರೆ, ಇದು ಬೇರೆ. ಚನ್ನಪಟ್ಟಣದ್ದು ಅರಗು, ಅಂದರೆ ಹುಳು ಮಾಡುವ ಅಂಟು. ತಿರುಗುವ ಮರಕ್ಕೆ ಒತ್ತಿದರೆ ಆ ಬಿಸಿಗೇ ಕರಗಿ ಹತ್ತಿಕೊಳ್ಳುತ್ತದೆ. ಜಪಾನಿನದು ಮರದಿಂದ ಇಳಿಸಿದ ಹಾಲು. ಒಂದು ಪದರ ಬಳಿದು, ತೇವ ಇರುವ ಕೋಣೆಯಲ್ಲಿಟ್ಟು, ಗಟ್ಟಿಯಾದ ಮೇಲೆ ಉಜ್ಜಿ, ಮತ್ತೆ ಬಳಿಯಬೇಕು. ಹೀಗೆ ಇಪ್ಪತ್ತು ಸಲ, ಕೆಲವೊಮ್ಮೆ ಇನ್ನೂ ಜಾಸ್ತಿ. ಆ ಹಾಲು ತಾಗಿ ಗ್ರೇ ಅವರ ಕೈಯೆಲ್ಲ ಹುಣ್ಣಾಗಿತ್ತಂತೆ. ಆದರೂ ಬಿಡಲಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಮನೆಯಲ್ಲಿ ಕೈ ತಾಗುವ ಕಡೆಯೆಲ್ಲ ಈ ತಾಳ್ಮೆ ಕಾಣುತ್ತದೆ. ಗ್ರೇ ಕಾಲೇಜಿಗೆ ಹೋಗಿ ಆರ್ಕಿಟೆಕ್ಚರ್ ಓದಿದವರಲ್ಲ. 1922ರಲ್ಲಿ ಪ್ಯಾರಿಸ್‌ನಲ್ಲಿ 'ಜಾಂ ದೆಸೆರ್' ಎಂದು ಅಂಗಡಿ ತೆರೆದು ಪೀಠೋಪಕರಣ, ಕಾರ್ಪೆಟ್ ಮಾರುತ್ತಿದ್ದರು. ಕಟ್ಟಡದ ಡ್ರಾಯಿಂಗ್ ಹಾಕುವುದನ್ನು ಆಡ್ರಿಯೆನ್ ಗೋರ್ಸ್ಕಾ ಎಂಬ ಆರ್ಕಿಟೆಕ್ಟ್ ಹತ್ತಿರ ಕಲಿತರು. ಗೆಳೆಯ ಜಾಂ ಬಡೋವಿಚಿ ರುಮೇನಿಯಾದವರು, ಆರ್ಕಿಟೆಕ್ಚರ್ ಪತ್ರಿಕೆಯೊಂದರ ಸಂಪಾದಕರು. ನೀವೇ ಒಂದು ಮನೆ ಕಟ್ಟಿ ಎಂದು ಒತ್ತಾಯ ಮಾಡಿದವರು ಅವರು. 1926ರಲ್ಲಿ ಕೆಲಸ ಶುರುವಾಯಿತು, 1929ರಲ್ಲಿ ಮುಗಿಯಿತು. ಅಷ್ಟು ಹೊತ್ತಿಗೆ ಗ್ರೇ ಅವರಿಗೆ ಐವತ್ತು ತುಂಬಿತ್ತು.

ಮನೆಯ ಹೆಸರು ಇ-1027. ಇ ಅಂದರೆ ಐಲೀನ್. ಇಂಗ್ಲಿಷ್ ಅಕ್ಷರಮಾಲೆಯ ಹತ್ತನೇ ಅಕ್ಷರ ಜೆ, ಎರಡನೆಯದು ಬಿ, ಏಳನೆಯದು ಜಿ. ಐಲೀನ್, ಜಾಂ, ಬಡೋವಿಚಿ, ಗ್ರೇ. ಗೆಳೆಯನ ಹೆಸರಿನ ಎರಡೂ ಬದಿಗೆ ಅವರ ಹೆಸರು ನಿಂತಿದೆ. ಹೆಸರಿನಲ್ಲೇ ಇಷ್ಟು ಸ್ಪಷ್ಟವಾಗಿ ಸಹಿ ಹಾಕಿದ್ದರೂ ಜನ ಮರೆತರು ನೋಡಿ.

ಬಾಗಿಲ ಹತ್ತಿರ ಗೋಡೆಯ ಮೇಲೆ ಫ್ರೆಂಚಿನಲ್ಲಿ ಅಚ್ಚು ಹಾಕಿದ ಅಕ್ಷರಗಳಿವೆ. 'ನಿಧಾನವಾಗಿ ಒಳಗೆ ಬನ್ನಿ' ಎಂದು. ನಮ್ಮ ಜೊತೆ ಬಂದಿದ್ದ ಗೈಡ್ ಏನೂ ಹೇಳಲಿಲ್ಲ, ಸುಮ್ನೆ ಅದರ ಕಡೆ ಕೈ ತೋರಿಸಿದರು. ನಾವು ನಿಧಾನ ಮಾಡಿದೆವು. ಒಳಗೆ ಕಾಲಿಟ್ಟ ಕೂಡಲೇ ಸಮುದ್ರ ಕಾಣುವುದಿಲ್ಲ. ಒಂದು ಮರೆ ಅಡ್ಡ ಬರುತ್ತದೆ. ಅದನ್ನು ಬಳಸಿಕೊಂಡು ತಿರುಗಿದ ಮೇಲೆ ಉದ್ದಕ್ಕೂ ಕಿಟಕಿ, ಅದರಾಚೆ ನೀಲಿ. ನಮ್ಮ ಹಳೇ ಮನೆಗಳಲ್ಲಿ ಜಗಲಿ ಹತ್ತಿ, ತಲೆ ಬಗ್ಗಿಸಿ, ಹೊಸ್ತಿಲು ದಾಟಿದ ಮೇಲೆ ಅಂಗಳದ ಬೆಳಕು ಸಿಗುತ್ತದಲ್ಲ, ಅದೇ ಅನುಭವ. ಗ್ರೇ ಅವರೂ ನಮ್ಮ ಹಿರಿಯರೂ ಒಬ್ಬರನ್ನೊಬ್ಬರು ನೋಡಿ ಕಲಿತದ್ದಲ್ಲ. ಬಿಸಿಲಿನ ಊರಲ್ಲಿ ಬದುಕಿ ಗೊತ್ತಿದ್ದವರಿಗೆ ಹೊಳೆಯುವ ದಾರಿ ಅದು.

ಹಾಸಿಗೆ ಪಕ್ಕದ ಟೇಬಲ್ ಮುಂದೆ ನಾನು ಜಾಸ್ತಿ ಹೊತ್ತು ನಿಂತೆ. ನೀವು ಅದನ್ನು ಖಂಡಿತ ನೋಡಿರುತ್ತೀರಿ, ಅದರ ನಕಲು ಈಗ ಲೋಕದ ತುಂಬ ಇದೆ. ಉಕ್ಕಿನ ಕೊಳವೆ, ಮೇಲೆ ದುಂಡನೆಯ ಗಾಜು. ಕೆಳಗಿನ ಬಳೆ ಒಂದು ಕಡೆ ಬಾಯಿ ತೆರೆದಿದೆ. ಆದ್ದರಿಂದ ಅದು ಮಂಚದ ಕಾಲಿಗೆ ತಾಗದೆ ಅಡಿಗೆ ಜಾರುತ್ತದೆ, ಗಾಜಿನ ತಟ್ಟೆ ಸೀದಾ ಮಲಗಿದವರ ಎದೆಯ ಮೇಲೆ ಬಂದು ನಿಲ್ಲುತ್ತದೆ. ಹಿಂದೆ ಒಂದು ಸಣ್ಣ ಸರಪಳಿ, ಅದರ ತುದಿಗೆ ಪಿನ್ನು. ತೂತು ಬದಲಿಸಿದರೆ ಎತ್ತರ ಬದಲಾಗುತ್ತದೆ. ಗ್ರೇ ಅವರ ಅಕ್ಕನಿಗೆ ಹಾಸಿಗೆಯಲ್ಲೇ ತಿಂಡಿ ತಿನ್ನುವುದು ಇಷ್ಟವಿತ್ತಂತೆ. ಹಾಸಿಗೆ ಮೇಲೆ ರೊಟ್ಟಿ ಪುಡಿ ಬೀಳಬಾರದು, ಅಷ್ಟೇ ಲೆಕ್ಕ. ಇದರ ಹಿಂದೆ ಯಾವ ಸಿದ್ಧಾಂತವೂ ಇಲ್ಲ. ಅಕ್ಕ ಬರುತ್ತಾಳೆ, ಹಾಸಿಗೆಯಲ್ಲಿ ತಿನ್ನುತ್ತಾಳೆ ಎಂದು ಯೋಚನೆ ಮಾಡಿದ ತಂಗಿಯೊಬ್ಬಳ ಕೆಲಸ.

ಇಡೀ ಮನೆ ಹೀಗೇ ಇದೆ. ಅತಿಥಿ ಕೋಣೆಯ ಕನ್ನಡಿಯಲ್ಲಿ ಒಂದು ಸಣ್ಣ ಕನ್ನಡಿ ಕೈಯಂತೆ ಚಾಚಿಕೊಳ್ಳುತ್ತದೆ, ಕುತ್ತಿಗೆಯ ಹಿಂಭಾಗ ನೋಡಿಕೊಳ್ಳುವುದಕ್ಕೆ. ಡ್ರಾಯರುಗಳು ಎಳೆದುಕೊಳ್ಳುವ ಬದಲು ಒಂದು ಮೂಲೆಯಲ್ಲಿ ತಿರುಗುತ್ತವೆ, ಎಲ್ಲಾ ಒಟ್ಟಿಗೆ ಕಣ್ಣಿಗೆ ಬೀಳಲಿ ಎಂದು. ಮಂಚಕ್ಕೆ ಸೊಳ್ಳೆ ಪರದೆ ಕಟ್ಟುವ ವ್ಯವಸ್ಥೆ ಮೊದಲೇ ಮಾಡಿದ್ದಾರೆ. ನಾವು ಈಗಲೂ ಮನೆ ಮುಗಿದ ಮೇಲೆ ಗೋಡೆಗೆ ಮೊಳೆ ಹೊಡೆದು ಸೊಳ್ಳೆ ಪರದೆ ಕಟ್ಟುವವರು, ಅಲ್ವಾ? ಬಾಲ್ಕನಿಯ ಕಂಬಿಗೆ ಹಾಯಿ ಬಟ್ಟೆ ಕಟ್ಟಿದ್ದಾರೆ. ಬಿಸಿಲು ಬೇಕೆಂದಾಗ ಬಿಚ್ಚಿದರೆ ಆಯಿತು. ತೋಟದಲ್ಲಿ ಬಿಸಿಲು ಕಾಯುವುದಕ್ಕೆ ತಗ್ಗಾದ ಒಂದು ಜಾಗ ಮಾಡಿದ್ದಾರೆ. ಬದಿಯಲ್ಲಿ ನಿಂಬೆ ಗಿಡಗಳು. ನಾವು ಹೋದಾಗ ಹೂ ಬಿಟ್ಟಿತ್ತು. ಮೇಲಿನ ಹಳಿಯಲ್ಲಿ ರೈಲು ಹೋದಾಗ ಮಾತ್ರ ಗೈಡ್ ಮಾತು ನಿಲ್ಲಿಸುತ್ತಿದ್ದರು.

ಅಡುಗೆಮನೆ ನೋಡಿ ನನ್ನ ಗಂಟಲು ಕಟ್ಟಿತು. ಅದರ ಗಾಜಿನ ಮಡಚುವ ತಡಿಕೆ ತೆರೆದರೆ ಅಡುಗೆಮನೆಯೇ ಬಯಲಾಗುತ್ತದೆ. ಆ ಕಡೆಯ ಹಳ್ಳಿ ಹೆಂಗಸರು ಬೇಸಿಗೆಯಲ್ಲಿ ಹೊರಗೆ, ಚಳಿಗಾಲದಲ್ಲಿ ಒಳಗೆ ಅಡುಗೆ ಮಾಡುವುದನ್ನು ನೋಡಿ ಗ್ರೇ ಹಾಗೆ ಮಾಡಿದರು. ನಮ್ಮ ಅಜ್ಜಿಯ ಹಿತ್ತಲ ಒಲೆ ಕಣ್ಣ ಮುಂದೆ ಬಂತು. ಮಳೆಗಾಲ ಕಳೆದ ಕೂಡಲೇ ಅಜ್ಜಿ ಭತ್ತ ಬೇಯಿಸುವುದು, ಸ್ನಾನದ ನೀರು ಕಾಯಿಸುವುದು, ಮೀನು ಸುಡುವುದು ಎಲ್ಲಾ ಹಿತ್ತಲಿಗೆ ಸಾಗಿಸುತ್ತಿದ್ದಳು. ಜೂನ್ ಬಂತೆಂದರೆ ಮತ್ತೆ ಒಳಗೆ. ನಾನು ಐದು ವರ್ಷ ಆರ್ಕಿಟೆಕ್ಚರ್ ಓದಿದೆ. ಅಜ್ಜಿ ವರ್ಷಕ್ಕೆ ಎರಡು ಸಲ ಅಡುಗೆಮನೆ ಬದಲಿಸುವುದು ಡಿಸೈನಿನ ವಿಷಯ ಎಂದು ಯಾರೂ ಹೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಮನೆ ವಾಸ ಮಾಡುವ ಯಂತ್ರ ಎಂಬ ಕಾರ್ಬೂಸಿಯೆ ಮಾತನ್ನು ನೀವು ಮೊದಲ ವರ್ಷವೇ ಹೇಳಿಕೊಡುತ್ತೀರಿ. ನಾವು ಬಾಯಿಪಾಠ ಮಾಡುತ್ತೇವೆ. ಮನೆ ಯಂತ್ರವಲ್ಲ, ಅದು ಮನುಷ್ಯನ ಚಿಪ್ಪು ಎಂದು ಗ್ರೇ ಅದೇ ಕಾಲದಲ್ಲಿ ಉತ್ತರ ಕೊಟ್ಟಿದ್ದರು. ಒಂದೇ ಪಾಠದಲ್ಲಿ ಎರಡನ್ನೂ ಹೇಳಿದರೆ ಎಷ್ಟು ಚೆನ್ನಾಗಿರುತ್ತದೆ! ಮಕ್ಕಳು ಜಗಳ ಆಡಲಿ, ಯಾವುದು ಸರಿ ಎಂದು ತಾವೇ ಹುಡುಕಲಿ.

ಇನ್ನು ಆ ಚಿತ್ರಗಳ ವಿಷಯ.

1930ರ ದಶಕದ ಶುರುವಿನಲ್ಲಿ ಗ್ರೇ ಮತ್ತು ಬಡೋವಿಚಿ ಬೇರೆಯಾದರು. ಜಾಗ ಬಡೋವಿಚಿ ಹೆಸರಲ್ಲಿತ್ತು. ಮನೆ ಅವರಿಗೇ ಉಳಿಯಿತು. ಗ್ರೇ ಹತ್ತಿರದ ಕಾಸ್ತೆಲಾರ್‌ನಲ್ಲಿ ತಮಗೆ ಬೇರೆ ಮನೆ ಕಟ್ಟಿಕೊಂಡರು. ಕಾರ್ಬೂಸಿಯೆ ಬಡೋವಿಚಿ ಅವರ ಸ್ನೇಹಿತರು. ಇ-1027ಕ್ಕೆ ಅತಿಥಿಯಾಗಿ ಬಂದರು. ಬಹಳ ಮೆಚ್ಚಿಕೊಂಡು 1938ರಲ್ಲಿ ಗ್ರೇ ಅವರಿಗೆ ಕಾಗದವನ್ನೂ ಬರೆದರು. ಮನೆಯ ಒಳಗೂ ಹೊರಗೂ ಕಾಣುವ ಅಪರೂಪದ ಮನಸ್ಸನ್ನು ಅದರಲ್ಲಿ ಹೊಗಳಿದ್ದಾರೆ. ಅದೇ ವರ್ಷ ಮತ್ತು 1939ರಲ್ಲಿ ಅದೇ ಮನೆಯ ಬಿಳಿ ಗೋಡೆಗಳ ಮೇಲೆ ದೊಡ್ಡ ದೊಡ್ಡ ಚಿತ್ರಗಳನ್ನು ಬರೆದರು. ಗ್ರೇ ಅವರನ್ನು ಕೇಳಲಿಲ್ಲ. ಬತ್ತಲೆ ನಿಂತು ಗೋಡೆಗೆ ಬಣ್ಣ ಹಚ್ಚುತ್ತಿರುವ ಅವರ ಫೋಟೊ ಈಗಲೂ ಇದೆ. ಗ್ರೇ ಇದನ್ನು ದಾಳಿ ಎಂದೇ ತಿಳಿದರು. ಯುದ್ಧ ಮುಗಿದ ಮೇಲೆ ಬಡೋವಿಚಿ ಕೂಡ ಬೇಸರದಿಂದ ಕಾಗದ ಬರೆದರು, ಸ್ನೇಹ ಕೆಟ್ಟಿತು.

ಕಾರ್ಬೂಸಿಯೆ ತಮ್ಮ ಪ್ರಕಟಣೆಗಳಲ್ಲಿ ಆ ಚಿತ್ರಗಳ ಫೋಟೊ ಹಾಕಿಕೊಂಡರು, ಮನೆ ಯಾರದು ಎಂದು ಹೆಸರು ಹಾಕಲಿಲ್ಲ. ಕ್ರಮೇಣ ಬರೆಯುವವರು ಮನೆ ಬಡೋವಿಚಿಯದು ಎಂದರು. ಇನ್ನು ಕೆಲವರು ಕಾರ್ಬೂಸಿಯೆಯದೇ ಎಂದರು. ನಮ್ಮ ಕ್ಲಾಸಿನ ಸ್ಲೈಡಿಗೆ ಆ ತಪ್ಪು ಬಂದಿದ್ದು ಈ ದಾರಿಯಲ್ಲಿ.

1952ರಲ್ಲಿ ಕಾರ್ಬೂಸಿಯೆ ಇ-1027ರ ಸ್ವಲ್ಪ ಮೇಲೆ ತಮಗೊಂದು ಮರದ ಗುಡಿಸಲು ಕಟ್ಟಿಕೊಂಡರು. 3.66 ಮೀಟರ್ ಉದ್ದ, ಅಷ್ಟೇ ಅಗಲ. 1965ರ ಆಗಸ್ಟ್ 27ರಂದು ಕೆಳಗಿನ ಸಮುದ್ರದಲ್ಲಿ ಈಜುವಾಗ ತೀರಿಕೊಂಡರು. 2016ರಲ್ಲಿ ಯುನೆಸ್ಕೊ ಅವರ 17 ಕೆಲಸಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ನಮ್ಮ ಚಂಡೀಗಢದ ಕ್ಯಾಪಿಟಲ್ ಕಾಂಪ್ಲೆಕ್ಸ್ ಅದರಲ್ಲಿ ಇದೆ. ಆ ಪುಟ್ಟ ಮರದ ಗುಡಿಸಲೂ ಇದೆ. ಕೆಲವೇ ಹೆಜ್ಜೆ ಕೆಳಗಿರುವ ಗ್ರೇ ಅವರ ಮನೆ ಆ ಪಟ್ಟಿಯಲ್ಲಿಲ್ಲ.

ನಾನು ಕಾರ್ಬೂಸಿಯೆ ಅವರನ್ನು ದ್ವೇಷಿಸುವವಳಲ್ಲ. ಚಂಡೀಗಢಕ್ಕೆ ಎರಡು ಸಲ ಹೋಗಿದ್ದೇನೆ. ಹೈಕೋರ್ಟಿನ ಎದುರು ನಿಂತು ಮಾತು ಬಾರದೆ ಸುಮ್ಮನಾಗಿದ್ದೇನೆ. 1937ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅವರು ತಮ್ಮ ಮಂಟಪದಲ್ಲಿ ಗ್ರೇ ಅವರ ಒಂದು ಯೋಜನೆಯನ್ನು ಪ್ರದರ್ಶನಕ್ಕಿಟ್ಟಿದ್ದರು, ಅದನ್ನೂ ಹೇಳಬೇಕು. ಅವರ ಪಾಠ ಕಡಿಮೆ ಮಾಡಿ ಎಂದು ನಾನು ಕೇಳುತ್ತಿಲ್ಲ. ಈ ಮನೆಯ ಪಾಠ ಮಾಡುವಾಗ ಮೊದಲು ಕಟ್ಟಿದವರ ಹೆಸರು ಹೇಳಿ ಎಂದು ಕೇಳುತ್ತಿದ್ದೇನೆ.

ಮನೆ ಉಳಿದದ್ದೇ ದೊಡ್ಡದು. ಯುದ್ಧದಲ್ಲಿ ಸೈನಿಕರು ಬಂದು ಕೂತರು, ಗೋಡೆಗೆ ಗುಂಡು ಹೊಡೆದರು. 1956ರಲ್ಲಿ ಬಡೋವಿಚಿ ಹೋದರು. ಆಮೇಲೆ ಮನೆ ಕೈಯಿಂದ ಕೈಗೆ ಹೋಯಿತು. 1990ರ ದಶಕದ ಹೊತ್ತಿಗೆ ಗ್ರೇ ಮಾಡಿದ ಪೀಠೋಪಕರಣ ಎಲ್ಲಾ ಮಾರಾಟವಾಗಿತ್ತು. ಆಗಿನ ಮಾಲೀಕರು 1996ರಲ್ಲಿ ಅದೇ ಮನೆಯಲ್ಲಿ ಕೊಲೆಯಾದರು. ಬಾಗಿಲು ಮುರಿಯಿತು, ಯಾರ್ಯಾರೋ ಬಂದು ಉಳಿದುಕೊಂಡರು, ಗೋಡೆಯ ಮೇಲೆ ಗೀಚಿದರು. ಫ್ರಾನ್ಸಿನ ಕರಾವಳಿ ಸಂರಕ್ಷಣಾ ಸಂಸ್ಥೆ 1999ರಲ್ಲಿ ಅದನ್ನು ಕೊಂಡುಕೊಂಡಿತು. ಮರು ವರ್ಷ ಸರ್ಕಾರ ಅದನ್ನು ಐತಿಹಾಸಿಕ ಸ್ಮಾರಕ ಎಂದು ಘೋಷಿಸಿತು. ಮೊದಲ ಸುತ್ತಿನ ರಿಪೇರಿ ಆಯಿತು, ಅದರ ಮೇಲೆ ಬೇಕಾದಷ್ಟು ಟೀಕೆ ಬಂತು. 2014ರಲ್ಲಿ ಕಾಪ್ ಮಾಡರ್ನ್ ಎಂಬ ಸಂಘ ಹುಟ್ಟಿಕೊಂಡು ಮತ್ತೆ ಕೆಲಸ ಕೈಗೆತ್ತಿಕೊಂಡಿತು. 2021ರ ಹೊತ್ತಿಗೆ ಮನೆ 1929ರಲ್ಲಿ ಹೇಗಿತ್ತೋ ಆದಷ್ಟು ಅದರ ಹತ್ತಿರಕ್ಕೆ ಬಂದು, ಜನರಿಗೆ ತೆರೆಯಿತು.

ಈ ರಿಪೇರಿಯ ಬಗ್ಗೆ ಕರಾವಳಿಯಲ್ಲಿ ಕೆಲಸ ಮಾಡುವವಳಾಗಿ ಎರಡು ಮಾತು. ಸಮುದ್ರದ ಪಕ್ಕದ ಕಾಂಕ್ರೀಟಿಗೆ ಏನಾಗುತ್ತದೆ ಎಂದು ನಮಗೆ ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ. ಗಾಳಿಯ ಜೊತೆ ಬರುವ ಉಪ್ಪು ಕಾಂಕ್ರೀಟಿನ ಒಳಗೆ ಇಳಿದು ಕಂಬಿ ಮುಟ್ಟುತ್ತದೆ. ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಅದು ಉಬ್ಬಿ ಹೊರಗಿನ ಕಾಂಕ್ರೀಟನ್ನು ಒಡೆದು ಬೀಳಿಸುತ್ತದೆ. ಮಲ್ಪೆಯಿಂದ ಮರವಂತೆವರೆಗೆ ಎಷ್ಟು ಮನೆಗಳ ಸಜ್ಜಾದ ಅಡಿಯಲ್ಲಿ ಕೆಂಪು ಗೆರೆ ನೋಡಿಲ್ಲ ನಾವು! ಮೇಸ್ತ್ರಿ ಬಂದು ಮೇಲಿಂದ ಗಾರೆ ಮೆತ್ತಿ, ಬಣ್ಣ ಬಳಿದು ಹೋಗುತ್ತಾನೆ. ಎರಡು ಮಳೆಗಾಲಕ್ಕೆ ಮತ್ತೆ ಉದುರುತ್ತದೆ. ಉಪ್ಪು ಕುಡಿದ ಕಾಂಕ್ರೀಟನ್ನು ಕಂಬಿಯ ಹಿಂಭಾಗದವರೆಗೂ ಕೆತ್ತಿ ತೆಗೆಯಬೇಕು, ಕಂಬಿ ಉಜ್ಜಬೇಕು, ಆಮೇಲೆ ತುಂಬಬೇಕು. ಅಲ್ಲಿ ಅದನ್ನು ತಾಳ್ಮೆಯಿಂದ ಮಾಡಿದ್ದಾರೆ. ಇಷ್ಟು ಹಣ, ಇಷ್ಟು ಜನ ಸೇರಿ ಒಂದು ಚಿಕ್ಕ ಮನೆಗೆ ಇಷ್ಟೊಂದು ವರ್ಷ ಕೊಟ್ಟರು. ಕಾಂಕ್ರೀಟ್ ಮನೆಯೂ ಪರಂಪರೆ ಆಗಬಹುದು ಎಂಬುದು ನಮ್ಮ ಕಡೆ ಇನ್ನೂ ಯಾರಿಗೂ ನಂಬಿಕೆ ಬಂದಿಲ್ಲ. ಹಂಚಿನ ಮನೆಯನ್ನೇ ಕೆಡವುತ್ತಿರುವವರು ನಾವು.

ಪೀಠೋಪಕರಣದ ಕೆಲಸ ಇನ್ನೂ ಸೊಗಸು. ಅಸಲಿ ವಸ್ತುಗಳು ಮ್ಯೂಸಿಯಂಗಳಿಗೆ, ಶ್ರೀಮಂತರ ಮನೆಗಳಿಗೆ ಹೋಗಿಬಿಟ್ಟಿದ್ದವು. 1929ರಲ್ಲಿ ಬಡೋವಿಚಿಯ ಪತ್ರಿಕೆ ಈ ಮನೆಯ ಬಗ್ಗೆ ವಿಶೇಷ ಸಂಚಿಕೆ ತಂದಿತ್ತು, ತುಂಬಾ ಫೋಟೊ, ತುಂಬಾ ಡ್ರಾಯಿಂಗ್. ಅದನ್ನು ಇಟ್ಟುಕೊಂಡು, ಗೋಡೆಯಲ್ಲಿ ಉಳಿದ ಸ್ಕ್ರೂ ತೂತು, ಬಣ್ಣದ ಚೂರುಗಳನ್ನು ಹುಡುಕಿ, ಆ ಕಾಲದ ವಿಧಾನದಲ್ಲೇ ಹೊಸದಾಗಿ ಮಾಡಿಸಿದರು.

ಕಾರ್ಬೂಸಿಯೆ ಚಿತ್ರಗಳನ್ನು ತೆಗೆದಿಲ್ಲ. ನೋಡುವ ಮುಂಚೆ ನಾನು ತೆಗೆಯಬೇಕಿತ್ತು ಎಂದೇ ಅಂದುಕೊಂಡಿದ್ದೆ. ನೋಡಿದ ಮೇಲೆ ಮನಸ್ಸು ಬದಲಾಯಿತು. ಅವು ಇರಲಿ. ಅಲ್ಲಿ ಏನಾಯಿತು ಎಂಬುದಕ್ಕೆ ಅವೇ ಸಾಕ್ಷಿ. ಆದರೆ ಗೈಡ್ ಪ್ರತಿ ಚಿತ್ರದ ಎದುರು ನಿಂತು ಮೊದಲು ಆ ಗೋಡೆ ಖಾಲಿ ಯಾಕಿತ್ತು ಎಂದು ಹೇಳಿದರು, ಚಿತ್ರದ ಕಥೆ ಆಮೇಲೆ ಬಂತು. ನಾನು ನಿಮ್ಮಿಂದ ಕೇಳುವುದೂ ಇಷ್ಟೇ ಕ್ರಮ.

ಹೆಸರು ಮರೆತರೆ ಏನು ನಷ್ಟ ಎಂದು ಕೇಳಬಹುದು. ಗ್ರೇ 1976ರಲ್ಲಿ, 98ನೇ ವಯಸ್ಸಿನಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. 1968ರಲ್ಲಿ ವಾಸ್ತುಶಿಲ್ಪದ ಇತಿಹಾಸಕಾರ ಜೋಸೆಫ್ ರಿಕ್ವರ್ಟ್ ಇಟಲಿಯ 'ಡೋಮಸ್' ಪತ್ರಿಕೆಯಲ್ಲಿ ಅವರ ಬಗ್ಗೆ ಬರೆಯುವವರೆಗೆ ಜನ ಹೆಚ್ಚುಕಮ್ಮಿ ಮರೆತೇಬಿಟ್ಟಿದ್ದರು. ಆಗ ಅವರಿಗೆ ತೊಂಬತ್ತು. 2009ರಲ್ಲಿ ಅವರು ಮಾಡಿದ ಒಂದು ಕುರ್ಚಿ ಪ್ಯಾರಿಸ್ ಹರಾಜಿನಲ್ಲಿ ಸುಮಾರು 2.19 ಕೋಟಿ ಯೂರೊಗೆ ಹೋಯಿತು. ಅದರಿಂದ ಅವರಿಗೆ ಏನು ಬಂತು? ಐವತ್ತರಿಂದ ತೊಂಬತ್ತರವರೆಗೆ ಯಾರಾದರೂ ಕರೆದು ಕೆಲಸ ಕೊಟ್ಟಿದ್ದರೆ ಇನ್ನೆಷ್ಟು ಮನೆ ಕಟ್ಟುತ್ತಿದ್ದರೋ. ಕಟ್ಟಿದ್ದು ಕೈಬೆರಳಿನಲ್ಲಿ ಎಣಿಸುವಷ್ಟು.

ಅವರು ನಮಗೆ ಅಷ್ಟು ದೂರದವರೂ ಅಲ್ಲ. ಇಂದೋರಿನ ಮಹಾರಾಜ ಯಶವಂತ ರಾವ್ ಹೋಳ್ಕರ್ ತಮ್ಮ ಮಾಣಿಕ್ ಬಾಗ್ ಅರಮನೆಗೆ ಗ್ರೇ ಅವರ ಟ್ರಾನ್ಸಾಟ್ ಕುರ್ಚಿ ತರಿಸಿದ್ದರು. ಹಡಗಿನ ಡೆಕ್ಕಿನ ಮೇಲಿನ ಕುರ್ಚಿ ನೋಡಿ ಮಾಡಿದ್ದು. ಅಂದರೆ ಅವರ ಕೈಕೆಲಸ ಸ್ವಾತಂತ್ರ್ಯಕ್ಕೂ ಮುಂಚೆ ನಮ್ಮ ದೇಶಕ್ಕೆ ಬಂದಿತ್ತು. ಪಾಠಕ್ಕೆ ಮಾತ್ರ ಬರಲಿಲ್ಲ.

ಈಗಿನ ಕ್ಲಾಸುಗಳನ್ನು ನೀವೇ ನೋಡುತ್ತಿದ್ದೀರಿ. ನಮ್ಮ ಬ್ಯಾಚಿನಲ್ಲೇ ಅರ್ಧಕ್ಕಿಂತ ಜಾಸ್ತಿ ಹುಡುಗಿಯರಿದ್ದೆವು. ಓದು ಮುಗಿಸಿ ನಾನು ಮೊದಲ ಸಲ ಒಬ್ಬಳೇ ಸೈಟಿಗೆ ಹೋದ ದಿನ ಮೇಸ್ತ್ರಿ ಡ್ರಾಯಿಂಗ್ ತೆಗೆದುಕೊಂಡು, 'ಅಮ್ಮಾ, ಇಂಜಿನಿಯರ್ ಸರ್ ಯಾವಾಗ ಬರ್ತಾರೆ?' ಎಂದು ಕೇಳಿದ. ಅವನದು ಕೆಟ್ಟ ಮನಸ್ಸಲ್ಲ. ಅವನು ಅಲ್ಲಿಯವರೆಗೆ ನೋಡಿದ್ದು ಹಾಗೆ. ನನಗೂ ಉತ್ತರ ತಕ್ಷಣ ಬರಲಿಲ್ಲ. ಐದು ವರ್ಷದ ಪಾಠದಲ್ಲಿ ಹೆಂಗಸೊಬ್ಬಳು ಸೈಟಿನಲ್ಲಿ ನಿಂತು ಮನೆ ಕಟ್ಟಿಸಿದ ಕಥೆ ನಾನೂ ಕೇಳಿರಲಿಲ್ಲ. ರಸ್ತೆ ಇಲ್ಲದ ಬಂಡೆಯ ಮೇಲೆ ಮೂರು ವರ್ಷ ನಿಂತ ಗ್ರೇ ಅವರ ಕಥೆ ಅಂದು ಗೊತ್ತಿದ್ದರೆ ಅವತ್ತು ಗಟ್ಟಿ ದನಿಯಲ್ಲಿ ಉತ್ತರ ಹೇಳುತ್ತಿದ್ದೆ ಅನಿಸುತ್ತದೆ.

ಸಿಲಬಸ್ ನಮ್ಮ ಕೈಯಲ್ಲಿಲ್ಲ, ಯೂನಿವರ್ಸಿಟಿ ಮಾಡುತ್ತದೆ ಎಂದು ನೀವು ಹೇಳುತ್ತೀರಿ. ನಿಜ. ನಾನು ಸಿಲಬಸ್ ಬದಲಿಸಿ ಎನ್ನುತ್ತಿಲ್ಲ. ಆಧುನಿಕ ವಾಸ್ತುಶಿಲ್ಪದ ಪಾಠ ಹೇಗೂ ಇದೆ. ಅದರಲ್ಲಿ ಆ ಒಂದು ಸ್ಲೈಡಿನ ಕೆಳಗಿನ ಹೆಸರು ತಿದ್ದಿ. ಅದಕ್ಕೆ ಯಾರ ಅನುಮತಿಯೂ ಬೇಡ. ಸಾಧ್ಯವಾದರೆ ಒಂದು ಸ್ಲೈಡಿನ ಬದಲು ಎರಡು ಕ್ಲಾಸು ಕೊಡಿ. ಆ ಮನೆಯ ಪ್ಲಾನ್, ಸೆಕ್ಷನ್ ಬೋರ್ಡಿನ ಮೇಲೆ ಬಿಡಿಸಿ, ಸೂರ್ಯ ಎಲ್ಲಿಂದ ಬರುತ್ತಾನೆ, ಗಾಳಿ ಎಲ್ಲಿಂದ ಹೋಗುತ್ತದೆ ಎಂದು ಹುಡುಗರಿಂದಲೇ ಹೇಳಿಸಿ. ಚಂಡೀಗಢದ ಪಾಠ ಬಂದಾಗ ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಮಹಿಳಾ ಆರ್ಕಿಟೆಕ್ಟ್‌ಗಳಾದ ಊರ್ಮಿಳಾ ಯೂಲಿ ಚೌಧರಿ, ಜೇನ್ ಡ್ರೂ ಹೆಸರೂ ಒಂದು ಸಲ ಬಾಯಲ್ಲಿ ಬರಲಿ.

ಸ್ಟುಡಿಯೊ ನೋಡಿಕೊಳ್ಳುವವರಿಗೆ ಇನ್ನೊಂದು ಕೋರಿಕೆ. ಮೊದಲ ವರ್ಷದ ಮಕ್ಕಳನ್ನು ಒಂದು ದಿನ ಅವರವರ ಮನೆಗೆ ಕಳಿಸಿ. ಅಜ್ಜಿ, ಅಮ್ಮ, ಮನೆಯಲ್ಲಿ ಯಾರಿದ್ದಾರೋ ಅವರು ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಎಲ್ಲಿ ಕೂರುತ್ತಾರೆ, ಏಳುವಾಗ ಎಲ್ಲಿ ಕೈ ಊರುತ್ತಾರೆ, ಕನ್ನಡಕ ಎಲ್ಲಿಡುತ್ತಾರೆ, ಯಾವ ಹೊತ್ತಿನ ಬಿಸಿಲಿಗೆ ಕುರ್ಚಿ ಸರಿಸುತ್ತಾರೆ ಎಂದು ಟೇಪು ಹಿಡಿದು ಅಳೆದು ಬರೆದುಕೊಂಡು ಬರಲಿ. ಆಮೇಲೆ ಆ ಟೇಬಲ್ ತೋರಿಸಿ. ಗ್ರೇ ಏನು ಮಾಡಿದರು ಎಂದು ಆಗ ವಿವರಿಸಬೇಕಾಗಿಯೇ ಬರುವುದಿಲ್ಲ.

ಆ ಮನೆಯಲ್ಲಿ ಏನನ್ನೂ ಮುಟ್ಟುವ ಹಾಗಿಲ್ಲ. ಆದ್ದರಿಂದ ನಾನು ಕಣ್ಣಲ್ಲೇ ಅಳತೆ ತೆಗೆದುಕೊಂಡು ಪುಸ್ತಕದಲ್ಲಿ ಬಿಡಿಸಿಕೊಂಡು ಬಂದಿದ್ದೇನೆ: ಬಾಗಿಲ ಹತ್ತಿರದ ಮರೆ, ತಿರುಗುವ ಡ್ರಾಯರು, ಅಡುಗೆಮನೆಯ ಮಡಚುವ ಗಾಜು, ಹಾಯಿ ಬಟ್ಟೆಯ ಗಂಟು. ಟೇಬಲ್ಲನ್ನು ನಮ್ಮೂರಿನ ವೆಲ್ಡಿಂಗ್ ಅಂಗಡಿಯವರ ಹತ್ತಿರ ಕೂತು ಒಂದು ಮಾಡಿಸಿದ್ದೇನೆ. ಅಮ್ಮ ಅದರ ಮೇಲೆ ಗಂಜಿ ಇಟ್ಟುಕೊಂಡು ಊಟ ಮಾಡುತ್ತಾರೆ. ಯಾವ ಕಾಲೇಜಿನವರು ಕರೆದರೂ ಆ ಪುಸ್ತಕವನ್ನೂ ಟೇಬಲ್ಲನ್ನೂ ಬಸ್ಸಿಗೆ ಹಾಕಿಕೊಂಡು ಬರುತ್ತೇನೆ. ಮಕ್ಕಳು ಅದನ್ನು ಮುಟ್ಟಿ ನೋಡಬಹುದು, ಪಿನ್ನು ತೆಗೆದು ಎತ್ತರ ಬದಲಿಸಬಹುದು. ಮುಂದಿನ ಸೆಮಿಸ್ಟರ್ ಶುರುವಾಗುವ ಮುಂಚೆ ಹೇಳಿದರೆ ಸೈಟಿನ ಕೆಲಸ ಹೊಂದಿಸಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಹಳೇ ವಿದ್ಯಾರ್ಥಿನಿ
ಕುಂದಾಪುರ